ತರಗತಿ ತಪ್ಪಿಸಿದ ಶಿಷ್ಯನಿಂದ ಕಲಿತ ಮೇಷ್ಟ್ರು

ಡಿಗ್ರಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ದಿನಗಳಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇವತ್ತಿಗೂ ನನ್ನನ್ನು ಚುಚ್ಚುತ್ತೆ. ಬೆಳಕಿನ ವೇಗದ ಹತ್ತಿರ ಓಡುವ ವಸ್ತುವಿನ ಉದ್ದ ಕುಗ್ಗುತ್ತದೆ ಎಂದು ಬೋರ್ಡಿನ ಮೇಲೆ ಸೂತ್ರ ಬರೆದಿದ್ದೆ. ಅದು ನಿಜವಾಗಿ ಕುಗ್ಗುತ್ತಾ, ಇಲ್ಲಾ ಕುಗ್ಗಿದ ಹಾಗೆ ಕಾಣುತ್ತಾ ಎಂದು ಅವನು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಸೂತ್ರ ಬರೆದರೆ ಸಾಕು ಎಂದು ಗದರಿಸಿ ಕೂರಿಸಿದೆ. ಆ ವರ್ಷ ಅವನು ಮತ್ತೆ ಏನನ್ನೂ ಕೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಉತ್ತರ ಹುಡುಕುತ್ತಾ ಹೋದಾಗ ಅದು ನನಗೆ ಸಿಕ್ಕಿದ್ದು ಐನ್‌ಸ್ಟೈನ್ ಬರಹದಲ್ಲಲ್ಲ. ಅವರ ಗಣಿತದ ಮೇಷ್ಟ್ರು ಹರ್ಮನ್ ಮಿಂಕೋವ್ಸ್ಕಿ ಅವರಲ್ಲಿ.

ಮಿಂಕೋವ್ಸ್ಕಿ ಹುಟ್ಟಿದ್ದು 1864ರಲ್ಲಿ, ಈಗಿನ ಲಿಥುವೇನಿಯಾದ ಕೌನಸ್ ಹತ್ತಿರದ ಅಲೆಕ್ಸೋಟಾಸ್‌ನಲ್ಲಿ. ಆಗ ಅದು ರಷ್ಯಾ ಚಕ್ರಾಧಿಪತ್ಯದ ಭಾಗ. ಯಹೂದಿಗಳ ಮಕ್ಕಳಿಗೆ ಅಲ್ಲಿ ಒಳ್ಳೆಯ ಓದು ಸುಲಭದ ಮಾತಾಗಿರಲಿಲ್ಲ. ಹರ್ಮನ್‌ಗೆ ಎಂಟು ವರ್ಷವಾಗಿದ್ದಾಗ ಕುಟುಂಬ ಜರ್ಮನಿಯ ಕೋನಿಗ್ಸ್‌ಬರ್ಗ್‌ಗೆ ಬಂತು. ಮುಂದೆ ಅಣ್ಣ ಆಸ್ಕರ್ ವೈದ್ಯವಿಜ್ಞಾನದ ಕಡೆ ಹೋದರು. ಮೇದೋಜೀರಕ ಗ್ರಂಥಿ ತೆಗೆದರೆ ಸಕ್ಕರೆ ಕಾಯಿಲೆ ಬರುತ್ತದೆ ಎಂದು 1889ರಲ್ಲಿ ತೋರಿಸಿಕೊಟ್ಟ ಇಬ್ಬರಲ್ಲಿ ಅವರೂ ಒಬ್ಬರು. ತಮ್ಮನಿಗೆ ಗಣಿತದ ಹುಚ್ಚು.

ಒಂದು ಸಂಖ್ಯೆಯನ್ನು ಐದು ವರ್ಗಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದು ಎಂಬ ಪ್ರಶ್ನೆಗೆ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ ಬಹುಮಾನ ಇಟ್ಟಿತ್ತು. ಹದಿನೇಳರ ಹರೆಯದಲ್ಲೇ ಹರ್ಮನ್ ಅದಕ್ಕೆ ಉತ್ತರ ಕಳಿಸಿದರು, ಅದೂ ನಿಯಮ ಮೀರಿ ಜರ್ಮನ್ ಭಾಷೆಯಲ್ಲಿ. 1883ರಲ್ಲಿ ಬಹುಮಾನ ಬಂತು. ಅದನ್ನು ಹಂಚಿಕೊಂಡ ಇಂಗ್ಲೆಂಡಿನ ಹೆನ್ರಿ ಸ್ಮಿತ್ ಅಷ್ಟು ಹೊತ್ತಿಗೆ ತೀರಿಹೋಗಿದ್ದರು. ಕೋನಿಗ್ಸ್‌ಬರ್ಗ್‌ನಲ್ಲೇ ಡೇವಿಡ್ ಹಿಲ್ಬರ್ಟ್ ಜೊತೆ ಸ್ನೇಹ ಕೂಡಿತು. ಅದು ಸಾಯುವವರೆಗೂ ಉಳಿಯಿತು.

1896ರಲ್ಲಿ ಮಿಂಕೋವ್ಸ್ಕಿ ಜ್ಯೂರಿಕ್‌ನ ಪಾಲಿಟೆಕ್ನಿಕ್‌ಗೆ ಪಾಠ ಹೇಳಲು ಬಂದರು. ಅದೇ ವರ್ಷ ಅಲ್ಲಿ ಸೇರಿದ ವಿದ್ಯಾರ್ಥಿಗಳಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಒಬ್ಬರು. ಇಷ್ಟೊಂದು ಗಣಿತ ಭೌತಶಾಸ್ತ್ರಕ್ಕೆ ಯಾಕೆ ಬೇಕು ಅನ್ನೋದು ಆ ಹುಡುಗನ ಧೋರಣೆ. ತರಗತಿ ತಪ್ಪಿಸೋದು, ಪರೀಕ್ಷೆ ಬಂದಾಗ ಗೆಳೆಯ ಮಾರ್ಸೆಲ್ ಗ್ರಾಸ್‌ಮನ್ ನೋಟ್ಸ್ ಓದಿ ಪಾಸಾಗೋದು. ಮೇಷ್ಟ್ರ ಕಣ್ಣಿಗೆ ಅವನೊಬ್ಬ ಸೋಮಾರಿ. 1902ರಲ್ಲಿ ಮಿಂಕೋವ್ಸ್ಕಿ ಗಾಟಿಂಗನ್‌ಗೆ, ಹಿಲ್ಬರ್ಟ್ ಇದ್ದಲ್ಲಿಗೆ ಹೊರಟುಹೋದರು.

1905ರಲ್ಲಿ, ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿಕೊಂಡಿದ್ದ ಆ ಸೋಮಾರಿ ವಿಶೇಷ ಸಾಪೇಕ್ಷತಾ ಸಿದ್ಧಾಂತ ಪ್ರಕಟಿಸಿದ. ಮಿಂಕೋವ್ಸ್ಕಿಗೆ ಆಶ್ಚರ್ಯ. ಆ ಹುಡುಗನಿಂದ ಇದನ್ನು ಅವರು ನಿರೀಕ್ಷಿಸಿರಲೇ ಇಲ್ಲ. ನನ್ನಂಥವನಾಗಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಅವರು ಮಾತ್ರ ಹಳೆಯ ಶಿಷ್ಯನ ಲೇಖನದ ಮುಂದೆ ತಾವೇ ಶಿಷ್ಯರಾಗಿ ಕೂತರು.

ಅವರಿಗೆ ಕಂಡದ್ದನ್ನು ನಮ್ಮ ಸೈಟಿನ ಲೆಕ್ಕದಲ್ಲೇ ಹೇಳ್ತೀನಿ. 30/40 ಸೈಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದರೆ 50 ಅಡಿ. ರಸ್ತೆಗೆ ಸಮನಾಗಿ ಅಳೆಯುವವನಿಗೆ ಅದು 30 ಅಡಿ ಅಡ್ಡ, 40 ಅಡಿ ಉದ್ದ. ಹಗ್ಗದ ದಿಕ್ಕಿಗೇ ಅಳೆಯುವವನಿಗೆ 50 ಅಡಿ ಉದ್ದ, ಅಡ್ಡ ಸೊನ್ನೆ. ಇಬ್ಬರ ಅಂಕಿಗಳೂ ಬೇರೆ, ಆದರೆ ಇಬ್ಬರೂ ಸುಳ್ಳು ಹೇಳ್ತಿಲ್ಲ. ವರ್ಗ ಮಾಡಿ ಕೂಡಿಸಿದರೆ ಇಬ್ಬರಿಗೂ 2500. ಬದಲಾಗದ್ದು ಹಗ್ಗ ಮಾತ್ರ.

ದೂರ ಮತ್ತು ಕಾಲ ಕೂಡ ಹೀಗೇ ಎಂದರು ಮಿಂಕೋವ್ಸ್ಕಿ. ವ್ಯತ್ಯಾಸ ಒಂದೇ: ಇಲ್ಲಿ ಕೂಡಿಸಬಾರದು, ಕಳೆಯಬೇಕು. ಎರಡು ಘಟನೆಗಳ ನಡುವಿನ ಕಾಲದಲ್ಲಿ ಬೆಳಕು ಎಷ್ಟು ದೂರ ಹೋಗುತ್ತದೋ ಅದರ ವರ್ಗದಿಂದ, ಆ ಘಟನೆಗಳ ನಡುವಿನ ದೂರದ ವರ್ಗ ಕಳೆಯಿರಿ. ಯಾವ ವೇಗದಲ್ಲಿ ಸಾಗುವವರು ಅಳೆದರೂ ಬರುವ ಉತ್ತರ ಒಂದೇ.

ಮ್ಯುವಾನ್ ಎಂಬ ಕಣವನ್ನು ನೋಡಿ. ವಾತಾವರಣದ ಮೇಲ್ಭಾಗದಲ್ಲಿ ಹುಟ್ಟುವ ಇದರ ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಬೆಳಕೇ 0.66 ಕಿ.ಮೀ. ದಾಟುವುದಿಲ್ಲ. ಆದರೂ ಮ್ಯುವಾನ್‌ಗಳು ನೆಲ ಮುಟ್ಟುತ್ತವೆ. ಒಂದು ಮ್ಯುವಾನ್ 15 ಕಿ.ಮೀ. ಇಳಿದು ಬಂತು ಅನ್ನಿ. ನಮ್ಮ ಗಡಿಯಾರದ ಪ್ರಕಾರ ಅಷ್ಟು ಹೊತ್ತಿನಲ್ಲಿ ಬೆಳಕು ಸುಮಾರು 15.0145 ಕಿ.ಮೀ. ಹೋಗಿರುತ್ತೆ. ಎರಡರ ವರ್ಗಗಳ ವ್ಯತ್ಯಾಸ ಸುಮಾರು 0.44. ಮ್ಯುವಾನಿನ ಲೆಕ್ಕದಲ್ಲಿ ಅದು ಕದಲೇ ಇಲ್ಲ, ನೆಲವೇ ಅದರತ್ತ ಬಂತು. ಹಾಗಾಗಿ ದೂರ ಸೊನ್ನೆ, ಬೆಳಕಿನ ಪಾಲು 0.66 ಕಿ.ಮೀ. ವರ್ಗ ಮಾಡಿದರೆ ಅದೇ 0.44. ನಾವು ಅದರ ಗಡಿಯಾರ ನಿಧಾನವಾಯಿತು ಅಂತೀವಿ, ಅದು ನಮ್ಮ ವಾತಾವರಣ ಕುಗ್ಗಿತು ಅನ್ನುತ್ತೆ. ಎರಡೂ ನಿಜ.

ಆ ಹುಡುಗನಿಗೆ ನಾನು ಕೊಡಬೇಕಿದ್ದ ಉತ್ತರ ಇದು. ಉದ್ದ ಅನ್ನೋದು ಸೈಟಿನ ಅಡ್ಡಳತೆಯ ಹಾಗೆ. ಅದು ಭ್ರಮೆಯಲ್ಲ, ಆದರೆ ಅಳೆಯುವವರನ್ನು ಅವಲಂಬಿಸಿದ್ದು. ಎಲ್ಲರಿಗೂ ಒಂದೇ ಆಗಿರೋದು ದೇಶಕಾಲದಲ್ಲಿನ ಹಗ್ಗ.

1908ರ ಸೆಪ್ಟೆಂಬರ್ 21ರಂದು ಕಲೋನ್ ನಗರದ ವಿಜ್ಞಾನಿಗಳ ಸಮಾವೇಶದಲ್ಲಿ ಮಿಂಕೋವ್ಸ್ಕಿ ಇದನ್ನು ಮುಂದಿಟ್ಟರು. ದೇಶ ಬೇರೆ, ಕಾಲ ಬೇರೆ ಎಂಬ ಎಣಿಕೆಗೆ ಇನ್ನು ಉಳಿಗಾಲವಿಲ್ಲ ಎಂಬುದು ಅವರ ವಾದ. ನಾಲ್ಕು ತಿಂಗಳೂ ತುಂಬಲಿಲ್ಲ, 1909ರ ಜನವರಿ 12ರಂದು ಅಪೆಂಡಿಸೈಟಿಸ್ ಅವರನ್ನು ಒಯ್ದಿತು. ವಯಸ್ಸು ಬರೀ 44. ಗೆಳೆಯನ ಬರಹಗಳನ್ನೆಲ್ಲ ಕೂಡಿಸಿ ಹಿಲ್ಬರ್ಟ್ 1911ರಲ್ಲಿ ಹೊರತಂದರು.

ಶಿಷ್ಯ ಏನು ಮಾಡಿದ? ಶುರುವಿನಲ್ಲಿ ಐನ್‌ಸ್ಟೈನ್‌ಗೆ ಮೇಷ್ಟ್ರ ಕೆಲಸ ಬೇಡದ ಪಾಂಡಿತ್ಯದಂತೆ ಕಂಡಿತು. ಗುರುತ್ವವನ್ನು ಸಾಪೇಕ್ಷತೆಯೊಳಗೆ ತರಲು ಹೊರಟಾಗಲೇ ಅವರಿಗೆ ಅದರ ಬೆಲೆ ತಿಳಿದದ್ದು. 1912ರಲ್ಲಿ ಜ್ಯೂರಿಕ್‌ಗೆ ಮರಳಿ, ನೋಟ್ಸ್ ಕೊಡುತ್ತಿದ್ದ ಅದೇ ಗ್ರಾಸ್‌ಮನ್ ಹತ್ತಿರ ಗಣಿತದ ನೆರವು ಕೇಳಿದರು. 1915ರಲ್ಲಿ ಪೂರ್ತಿಯಾದ ಸಾಮಾನ್ಯ ಸಾಪೇಕ್ಷತೆಯಲ್ಲಿ ಗುರುತ್ವವೆಂದರೆ ದೇಶಕಾಲದ ಬಾಗು. ಬಾಗಲು ಮೊದಲು ದೇಶಕಾಲ ಇರಬೇಕಲ್ಲ! ಮೇಷ್ಟ್ರ ಋಣವನ್ನು ಐನ್‌ಸ್ಟೈನ್ 1916ರಲ್ಲಿ ಬರಹದಲ್ಲೇ ಒಪ್ಪಿಕೊಂಡರು. ಅದನ್ನು ಓದಲು ಮೇಷ್ಟ್ರು ಇರಲಿಲ್ಲ.

ನಮ್ಮ ದೇಶಕ್ಕೂ ಇದು ಬೇಗ ತಲುಪಿತು. ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಹಾ, ಇಬ್ಬರೂ ಯುವ ಅಧ್ಯಾಪಕರು, ಐನ್‌ಸ್ಟೈನ್ ಹಾಗೂ ಮಿಂಕೋವ್ಸ್ಕಿ ಲೇಖನಗಳನ್ನು ಇಂಗ್ಲಿಷಿಗೆ ತಂದರು. ಕಲ್ಕತ್ತಾ ವಿಶ್ವವಿದ್ಯಾಲಯ 1920ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿತು. ಸಿಲಬಸ್‌ನಲ್ಲಿ ಇಲ್ಲ ಎಂದು ಅವರು ಸುಮ್ಮನೆ ಕೂರಲಿಲ್ಲ.

ಹಾಜರಿ ಮತ್ತು ಅಂಕ ನೋಡಿ ಹುಡುಗರನ್ನು ತೂಗುವ ನಮ್ಮ ಕಾಲೇಜುಗಳಲ್ಲಿ ಮೇಷ್ಟ್ರ ಅಂದಾಜು ತಪ್ಪಿದರೆ ತಿದ್ದಿಕೊಳ್ಳುವ ದಾರಿಯೇ ಕಡಿಮೆ. ಮಿಂಕೋವ್ಸ್ಕಿ ಕೂಡ ತಪ್ಪಿದ್ದರು, ಆದರೆ ತಿದ್ದಿಕೊಂಡರು. ನಾನು ಗದರಿಸಿದ ಹುಡುಗ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಇದನ್ನು ಓದಿದರೆ ಅವನಿಗೆ ತಿಳಿಯಲಿ, ಅವತ್ತು ಅವನ ಪ್ರಶ್ನೆ ಸರಿಯಾಗಿತ್ತು.