ಆಂಟೊನಿ ಗೌಡಿ: ನೆಲ, ನುಡಿ ಮತ್ತು ಅಪೂರ್ಣ ಕೃತಿ

ವಾಸ್ತುಶಿಲ್ಪಿ ಆಂಟೊನಿ ಗೌಡಿಯನ್ನು ವಿಲಕ್ಷಣ ಪ್ರತಿಭೆಯೆಂದು ಕೊಂಡಾಡುವುದು ರೂಢಿ. ಅವನ ಕಟ್ಟಡಗಳ ವೈಚಿತ್ರ್ಯವನ್ನಷ್ಟೇ ಕಾಣುವ ಈ ದೃಷ್ಟಿ, ಅವುಗಳ ಬೇರುಗಳಿರುವ ಕ್ಯಾಟಲೋನಿಯದ ನೆಲ, ನುಡಿ ಮತ್ತು ಕಸುಬುಗಳ ಪರಂಪರೆಯನ್ನು ಮರೆಮಾಡುತ್ತದೆ.

1852ರ ಜೂನ್ 25ರಂದು ಜನಿಸಿದ ಗೌಡಿ ತಾಮ್ರದ ಕೆಲಸಗಾರರ ಮನೆತನದವನು. ಚಪ್ಪಟೆ ತಗಡು ಪೆಟ್ಟು ತಿಂದು ಬಾಗಿ ಪಾತ್ರೆಯಾಗುವುದನ್ನು ಅವನು ಬಾಲ್ಯದಲ್ಲಿಯೇ ಕಂಡಿದ್ದನು. ಬಾರ್ಸಿಲೋನಾದಲ್ಲಿ ವಾಸ್ತುಶಿಲ್ಪವನ್ನು ಅಭ್ಯಸಿಸಿ 1878ರಲ್ಲಿ ಪದವಿ ಪಡೆದನು. ಅದು ಕ್ಯಾಟಲನ್ ಭಾಷಾಸಾಹಿತ್ಯಗಳ ಪುನರುತ್ಥಾನದ ಕಾಲವೂ ಹೌದು. ಉದ್ಯಮಿ ಯೂಸೆಬಿ ಗುವೆಲ್ ಅವನಿಗೆ ಆಶ್ರಯದಾತನಾದನು.

ಗುವೆಲ್‌ನ ಕಾರ್ಮಿಕರ ವಸಾಹತಿನ ಚರ್ಚಿಗಾಗಿ ಗೌಡಿ ಹಗ್ಗಗಳನ್ನು ಇಳಿಬಿಟ್ಟು, ಸೀಸದ ಗುಂಡುಗಳ ಚಿಕ್ಕ ಚೀಲಗಳನ್ನು ಅವುಗಳಿಗೆ ತೂಗುಹಾಕಿ ಮಾದರಿಯೊಂದನ್ನು ರಚಿಸಿದನು. ಭಾರಕ್ಕೆ ತಾನಾಗಿ ಬಾಗಿದ ಹಗ್ಗದ ರೂಪವನ್ನು ತಲೆಕೆಳಗಾಗಿಸಿದರೆ ಅದೇ ಸಮರ್ಥ ಕಮಾನಾಗುತ್ತದೆ. ಗುವೆಲ್ ಉದ್ಯಾನದಲ್ಲಿ ಒಡೆದ ಹೆಂಚುಬಿಲ್ಲೆಗಳ ಚೂರುಗಳೇ ಅಲಂಕಾರವಾದವು. ಅವನ ನಾವೀನ್ಯವು ಪ್ರಕೃತಿನಿಯಮ ಹಾಗೂ ಕುಶಲಕರ್ಮಿಗಳ ಕೈಗಾರಿಕೆಯಿಂದ ಮೂಡಿದುದೆಂಬುದಕ್ಕೆ ಇವು ನಿದರ್ಶನಗಳು.

ನುಡಿಯ ವಿಷಯದಲ್ಲಿಯೂ ಅವನ ನಿಲುವು ದೃಢವಾಗಿತ್ತು. 1923ರಲ್ಲಿ ಸ್ಥಾಪಿತವಾದ ಪ್ರಿಮೊ ದೆ ರಿವೇರನ ಸರ್ವಾಧಿಕಾರವು ಕ್ಯಾಟಲನ್ ಭಾಷೆಯನ್ನು ಹತ್ತಿಕ್ಕಿತು. 1924ರ ಸೆಪ್ಟೆಂಬರ್ 11ರಂದು ಪ್ರಾರ್ಥನೆಗೆ ಹೊರಟಿದ್ದ ಎಪ್ಪತ್ತೆರಡರ ಗೌಡಿಯನ್ನು ಪೊಲೀಸರು ತಡೆದಾಗ, ಅವನು ಸ್ಪ್ಯಾನಿಷ್‌ನಲ್ಲಿ ಉತ್ತರಿಸಲೊಪ್ಪದೆ ಬಂಧನಕ್ಕೊಳಗಾದನು. ಕೆಲವು ಗಂಟೆಗಳ ಸೆರೆವಾಸ ಮತ್ತು ದಂಡ ತಾಯ್ನುಡಿಗಾಗಿ ಅವನು ತೆತ್ತ ಬೆಲೆ.

ಸಗ್ರಾದಾ ಫಮೀಲಿಯಾ ಚರ್ಚಿನ ನಿರ್ಮಾಣವು 1882ರಲ್ಲಿ ಬೇರೊಬ್ಬ ಶಿಲ್ಪಿಯಿಂದ ಆರಂಭವಾಗಿತ್ತು. ಮರುವರ್ಷ ಅದರ ಹೊಣೆ ಹೊತ್ತ ಗೌಡಿ, ಜೀವನದ ಕೊನೆಯ ವರ್ಷಗಳಲ್ಲಿ ಅನ್ಯ ಕೆಲಸಗಳನ್ನೆಲ್ಲ ತೊರೆದು ಅದಕ್ಕೇ ಮುಡಿಪಾದನು. 1926ರ ಜೂನ್ 7ರಂದು ಟ್ರಾಮ್ ಬಡಿದು ಬಿದ್ದಾಗ, ಹಳೆಯ ಉಡುಪಿನಲ್ಲಿದ್ದ ಅವನನ್ನು ಜನ ಭಿಕ್ಷುಕನೆಂದು ಬಗೆದರು. ಬಡವರ ಆಸ್ಪತ್ರೆಯಲ್ಲಿ ಮೂರು ದಿನಗಳ ಅನಂತರ ಮಡಿದ ಅವನ ಸಮಾಧಿ ಅದೇ ಚರ್ಚಿನ ನೆಲಮಾಳಿಗೆಯಲ್ಲಿದೆ. ಆ ವೇಳೆಗೆ ಪೂರ್ಣಗೊಂಡಿದ್ದುದು ಒಂದೇ ಗೋಪುರ.

1936ರಲ್ಲಿ, ಅಂತರ್ಯುದ್ಧದ ಆರಂಭದಲ್ಲಿ, ಅವನ ಕಾರ್ಯಾಗಾರಕ್ಕೆ ಬೆಂಕಿ ಬಿದ್ದು ನಕ್ಷೆಗಳು ಸುಟ್ಟುಹೋದವು. ಜಿಪ್ಸಮ್ ಮಾದರಿಗಳು ಚೂರಾದವು. ಉಳಿದ ಚೂರುಗಳನ್ನು ಜೋಡಿಸಿ ಉತ್ತರಾಧಿಕಾರಿಗಳು ಕಟ್ಟಡವನ್ನು ಮುಂದುವರಿಸಿದರು. 2010ರಲ್ಲಿ ಅದರ ಪ್ರತಿಷ್ಠಾಪನೆ ನಡೆಯಿತು. ಹಾಗಾದರೆ ಈ ಕೃತಿಯ ಕರ್ತೃ ಯಾರು? ಬಾಣನು ಅಪೂರ್ಣವಾಗಿ ಬಿಟ್ಟ ಕಾದಂಬರಿಯನ್ನು ಅವನ ಮಗನು ಪೂರೈಸಿದನು. ಅಲ್ಲಿ ತಂದೆಯ ಪಠ್ಯ ಅಖಂಡವಾಗಿ ಕೈಯಲ್ಲಿತ್ತು. ಇಲ್ಲಿ ಮೂಲವೇ ಛಿದ್ರವಾಗಿತ್ತು. ಆದರೂ ಗೌಡಿ ತನ್ನ ಜೀವಿತಾವಧಿಯಲ್ಲಿ ಇದು ಮುಗಿಯದೆಂದು ಬಲ್ಲವನಾಗಿದ್ದು, ಮುಂದಿನ ತಲೆಮಾರುಗಳ ಕೈಗಳನ್ನು ನೆಚ್ಚಿಯೇ ದುಡಿದನು. ಏಕವ್ಯಕ್ತಿ ಕರ್ತೃತ್ವದ ಕಲ್ಪನೆಯನ್ನು ಮರುಪರಿಶೀಲಿಸುವ ಅಗತ್ಯವನ್ನು ಅವನ ಬದುಕು ಮನಗಾಣಿಸುತ್ತದೆ.