ಯೋಖೆನ್ ರಿಂಟ್

ಯೋಖೆನ್ ರಿಂಟ್ (ಜನನ: ೧೮ ಏಪ್ರಿಲ್ ೧೯೪೨, ಮೈನ್ಜ್, ಜರ್ಮನಿ, ಮರಣ: ೫ ಸೆಪ್ಟೆಂಬರ್ ೧೯೭೦, ಮೊನ್ಜಾ, ಇಟಲಿ) ಆಸ್ಟ್ರಿಯಾವನ್ನು ಪ್ರತಿನಿಧಿಸಿದ ಪ್ರಸಿದ್ಧ ಫಾರ್ಮುಲಾ ಒನ್ ಚಾಲಕರು. ೧೯೭೦ರ ವಿಶ್ವ ಚಾಂಪಿಯನ್ ಪಟ್ಟವು ಅವರಿಗೆ ಮರಣೋತ್ತರವಾಗಿ ಸಂದಿತು. ಫಾರ್ಮುಲಾ ಒನ್ ಇತಿಹಾಸದಲ್ಲಿ ಚಾಲಕರ ವಿಶ್ವಪಟ್ಟವನ್ನು ಮರಣಾನಂತರ ಪಡೆದವರು ಇವರೊಬ್ಬರೇ.

ಜನನ ಮತ್ತು ಬಾಲ್ಯ

ರಿಂಟ್ ಅವರ ತಂದೆ ಜರ್ಮನಿಯವರು. ಮೈನ್ಜ್ ನಗರದಲ್ಲಿ ಮಸಾಲೆ ಪದಾರ್ಥಗಳನ್ನು ಪುಡಿಮಾಡುವ ಗಿರಣಿಯ ಒಡೆಯರಾಗಿದ್ದರು. ತಾಯಿ ಆಸ್ಟ್ರಿಯಾದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೩ರ ಜುಲೈ ತಿಂಗಳಿನಲ್ಲಿ, ಹ್ಯಾಂಬರ್ಗ್ ನಗರದ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ತಂದೆತಾಯಿಗಳಿಬ್ಬರೂ ಮೃತರಾದರು. ಆಗ ಮಗುವಿಗೆ ಹದಿನೈದು ತಿಂಗಳು. ಅನಂತರ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ತಾಯಿಯ ತಂದೆತಾಯಿಗಳು ಮೊಮ್ಮಗನನ್ನು ಸಾಕಿ ಬೆಳೆಸಿದರು. ಈ ಕಾರಣದಿಂದ ಜರ್ಮನ್ ಪೌರತ್ವವನ್ನು ಕೊನೆಯವರೆಗೂ ಉಳಿಸಿಕೊಂಡಿದ್ದರೂ ಅವರು ಆಸ್ಟ್ರಿಯಾದ ಪರವಾನಗಿಯ ಮೇಲೆಯೇ ಸ್ಪರ್ಧಿಸಿದರು.

ವೃತ್ತಿಜೀವನದ ಆರಂಭ

೧೯೬೪ರ ಮೇ ತಿಂಗಳಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ನಡೆದ ಫಾರ್ಮುಲಾ ಟೂ ಸ್ಪರ್ಧೆಯಲ್ಲಿ, ಅದಾಗಲೇ ವಿಶ್ವ ಚಾಂಪಿಯನ್ ಆಗಿದ್ದ ಗ್ರಹಾಂ ಹಿಲ್ ಅವರನ್ನು ಹಿಂದಿಕ್ಕಿ ರಿಂಟ್ ಗೆದ್ದರು. ಅಲ್ಲಿಯವರೆಗೆ ಅಪರಿಚಿತರಾಗಿದ್ದ ತರುಣನ ಹೆಸರು ಈ ಗೆಲುವಿನಿಂದ ಎಲ್ಲೆಡೆ ಹರಡಿತು. ಅದೇ ವರ್ಷ ಆಸ್ಟ್ರಿಯಾದ ಗ್ರ್ಯಾನ್ ಪ್ರಿ ಸ್ಪರ್ಧೆಯ ಮೂಲಕ ಅವರು ಫಾರ್ಮುಲಾ ಒನ್ ಪ್ರವೇಶಿಸಿದರು. ೧೯೬೫ರಲ್ಲಿ ಅಮೆರಿಕದ ಮಾಸ್ಟನ್ ಗ್ರೆಗರಿ ಅವರೊಡನೆ ಫೆರಾರಿ ಕಾರಿನಲ್ಲಿ ಫ್ರಾನ್ಸಿನ ಲ ಮಾನ್ ೨೪ ಗಂಟೆಗಳ ಓಟವನ್ನು ಗೆದ್ದರು. ೧೯೬೫ರಿಂದ ಮೂರು ವರ್ಷ ಕೂಪರ್ ತಂಡದಲ್ಲಿಯೂ, ೧೯೬೮ರಲ್ಲಿ ಬ್ರಾಬಂ ತಂಡದಲ್ಲಿಯೂ ಇದ್ದರು. ೧೯೬೭ರಲ್ಲಿ ಫಿನ್ಲೆಂಡಿನ ರೂಪದರ್ಶಿ ನೀನಾ ಅವರನ್ನು ವಿವಾಹವಾದರು. ದಂಪತಿಗಳಿಗೆ ಒಬ್ಬಳು ಮಗಳು.

ಲೋಟಸ್ ತಂಡ

೧೯೬೯ರಲ್ಲಿ ರಿಂಟ್ ಕಾಲಿನ್ ಚಾಪ್‌ಮನ್ ಅವರ ಲೋಟಸ್ ತಂಡವನ್ನು ಸೇರಿದರು. ಲೋಟಸ್ ಕಾರುಗಳು ಹಗುರವಾಗಿದ್ದು ವೇಗಕ್ಕೆ ಹೆಸರಾಗಿದ್ದವು. ಆದರೆ ಅವುಗಳ ಭಾಗಗಳು ಮುರಿಯುತ್ತವೆ ಎಂಬ ಅಪವಾದವೂ ಇತ್ತು. ಅದೇ ವರ್ಷ ಸ್ಪೇನಿನ ಸ್ಪರ್ಧೆಯಲ್ಲಿ ಕಾರಿನ ಎತ್ತರದ ರೆಕ್ಕೆ ಮುರಿದು ರಿಂಟ್ ಗಾಯಗೊಂಡರು. ಕಾರುಗಳ ದುರ್ಬಲತೆಯನ್ನು ಕುರಿತು ಅವರು ಚಾಪ್‌ಮನ್ ಅವರಿಗೆ ಪತ್ರ ಬರೆದು ಎಚ್ಚರಿಸಿದ್ದರು. ಆದರೂ ಗೆಲ್ಲಬಲ್ಲ ಕಾರು ಅಲ್ಲಿಯೇ ಇದ್ದುದರಿಂದ ತಂಡವನ್ನು ಬಿಡಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ತಮ್ಮ ಮೊದಲ ಗ್ರ್ಯಾನ್ ಪ್ರಿ ಗೆಲುವನ್ನು ಪಡೆದರು.

೧೯೭೦ರ ಋತು

ಆ ವರ್ಷ ಒಟ್ಟು ೧೩ ಸ್ಪರ್ಧೆಗಳಿದ್ದವು. ಗೆದ್ದವರಿಗೆ ೯ ಅಂಕಗಳು ದೊರೆಯುತ್ತಿದ್ದವು. ಮೇ ತಿಂಗಳಿನಲ್ಲಿ ಮೊನಾಕೊದಲ್ಲಿ ರಿಂಟ್ ಹಳೆಯ ಲೋಟಸ್ ೪೯ ಕಾರಿನಲ್ಲಿ ಎಂಟನೆಯ ಸ್ಥಾನದಿಂದ ಹೊರಟರು. ಮುಂದಿದ್ದ ಜ್ಯಾಕ್ ಬ್ರಾಬಂ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಹಾದಿ ತಪ್ಪಿದ್ದರಿಂದ ರಿಂಟ್ ಗೆದ್ದರು.

ಜೂನ್ ತಿಂಗಳಿನಿಂದ ಅವರು ಬೆಣೆಯಾಕಾರದ ಹೊಸ ಲೋಟಸ್ ೭೨ ಕಾರನ್ನು ಓಡಿಸಿ ಹಾಲೆಂಡ್, ಫ್ರಾನ್ಸ್, ಬ್ರಿಟನ್ ಮತ್ತು ಜರ್ಮನಿಗಳಲ್ಲಿ ಸತತವಾಗಿ ನಾಲ್ಕು ಸ್ಪರ್ಧೆಗಳನ್ನು ಗೆದ್ದರು. ಈ ಗೆಲುವುಗಳು ಸಂತೋಷವನ್ನಷ್ಟೇ ತರಲಿಲ್ಲ. ಜೂನ್ ೨ರಂದು ಬ್ರೂಸ್ ಮೆಕ್‌ಲಾರೆನ್ ಕಾರಿನ ಪರೀಕ್ಷೆ ನಡೆಸುತ್ತಿದ್ದಾಗ ಮೃತರಾಗಿದ್ದರು. ಜೂನ್ ೨೧ರಂದು ಹಾಲೆಂಡಿನ ಸ್ಪರ್ಧೆಯಲ್ಲಿಯೇ ರಿಂಟ್ ಅವರ ಆಪ್ತ ಮಿತ್ರ ಪಿಯರ್ಸ್ ಕರೇಜ್ ಹೊತ್ತಿ ಉರಿದ ಕಾರಿನಲ್ಲಿ ಪ್ರಾಣಬಿಟ್ಟರು. ಐದು ಗೆಲುವುಗಳಿಂದ ರಿಂಟ್ ಅವರ ಅಂಕಗಳು ೪೫ಕ್ಕೇರಿದವು.

ಮರಣ

೧೯೭೦ರ ಸೆಪ್ಟೆಂಬರ್ ೫ರಂದು ಮೊನ್ಜಾದಲ್ಲಿ ಇಟಲಿ ಸ್ಪರ್ಧೆಯ ಅರ್ಹತಾ ಸುತ್ತುಗಳು ನಡೆದಿದ್ದವು. ನೇರ ಹಾದಿಯಲ್ಲಿ ಹೆಚ್ಚಿನ ವೇಗ ಸಾಧಿಸಲು ಕಾರಿನ ರೆಕ್ಕೆಗಳನ್ನು ತೆಗೆಯಲಾಗಿತ್ತು. ಪರಾಬೋಲಿಕಾ ತಿರುವಿಗೆ ಬರುವಾಗ ಕಾರು ಎಡಕ್ಕೆ ಹೊರಳಿ ರಸ್ತೆಯಂಚಿನ ಲೋಹದ ತಡೆಬೇಲಿಗೆ ಅಪ್ಪಳಿಸಿತು. ಲೋಟಸ್ ೭೨ರಲ್ಲಿ ಮುಂಬದಿಯ ಬ್ರೇಕುಗಳು ಚಕ್ರದೊಳಗಿರದೆ ಕಾರಿನ ಒಡಲಿನಲ್ಲಿದ್ದವು; ದಂಡವೊಂದು ಬ್ರೇಕನ್ನು ಚಕ್ರಕ್ಕೆ ಜೋಡಿಸುತ್ತಿತ್ತು. ಬಲಗಡೆಯ ಈ ದಂಡ ಮುರಿದುದು ಅಪಘಾತದ ಮೂಲವೆಂದೂ, ತಡೆಬೇಲಿಯನ್ನು ಸರಿಯಾಗಿ ಅಳವಡಿಸದಿದ್ದುದು ಸಾವಿಗೆ ಕಾರಣವೆಂದೂ ತನಿಖೆಯಲ್ಲಿ ಕಂಡುಬಂದಿತು.

ಕಾರಿಗೆ ಬೆಂಕಿ ಹೊತ್ತಿದರೆ ಬೇಗನೆ ಹೊರಬರಬೇಕೆಂಬ ಉದ್ದೇಶದಿಂದ ರಿಂಟ್ ಸುರಕ್ಷಾ ಪಟ್ಟಿಯ ಐದು ಎಳೆಗಳಲ್ಲಿ ತೊಡೆಸಂದಿಯ ಎಳೆಯನ್ನು ಕಟ್ಟಿಕೊಳ್ಳುತ್ತಿರಲಿಲ್ಲ. ಹೀಗಾಗಿ ಡಿಕ್ಕಿಯ ರಭಸಕ್ಕೆ ದೇಹವು ಮುಂದಕ್ಕೆ ಜಾರಿ, ಪಟ್ಟಿಯೇ ಕೊರಳಿಗೆ ಮಾರಕವಾಯಿತು. ಆಗ ಅವರ ವಯಸ್ಸು ೨೮. ಗ್ರಾಜ್ ನಗರದ ಕೇಂದ್ರ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಮರಣೋತ್ತರ ಪಟ್ಟ

ರಿಂಟ್ ಮೃತರಾದಾಗ ಇನ್ನೂ ನಾಲ್ಕು ಸ್ಪರ್ಧೆಗಳು ಉಳಿದಿದ್ದವು. ಕೆನಡಾದ ಸ್ಪರ್ಧೆಯನ್ನು ಗೆದ್ದ ಫೆರಾರಿ ತಂಡದ ಬೆಲ್ಜಿಯಂ ಚಾಲಕ ಜಾಕಿ ಈಕ್ಸ್ ೨೮ ಅಂಕಗಳನ್ನು ತಲುಪಿದರು. ಉಳಿದೆರಡು ಸ್ಪರ್ಧೆಗಳನ್ನೂ ಗೆದ್ದರೆ ಅವರ ಅಂಕಗಳು ೪೬ ಆಗಿ, ಒಂದೇ ಅಂಕದಿಂದ ಪಟ್ಟ ಅವರದಾಗುತ್ತಿತ್ತು. ಅಕ್ಟೋಬರ್ ೪ರಂದು ವಾಟ್ಕಿನ್ಸ್ ಗ್ಲೆನ್‌ನಲ್ಲಿ ಇಂಧನ ಕೊಳವೆಯ ತೊಂದರೆಯಿಂದ ಹಿಂದೆ ಬಿದ್ದ ಈಕ್ಸ್ ನಾಲ್ಕನೆಯವರಾದರು. ಗೆದ್ದವರು ಲೋಟಸ್ ತಂಡದ ಬ್ರೆಜಿಲ್ ತರುಣ ಎಮರ್ಸನ್ ಫಿಟ್ಟಿಪಾಲ್ಡಿ. ಅದು ಅವರ ನಾಲ್ಕನೆಯ ಗ್ರ್ಯಾನ್ ಪ್ರಿ ಮಾತ್ರವಾಗಿತ್ತು. ಹೀಗೆ ಅಗಲಿದ ಸಹಚಾಲಕನಿಗೆ ಪಟ್ಟ ಖಚಿತವಾಯಿತು. ಕೊನೆಯ ಮೆಕ್ಸಿಕೊ ಸ್ಪರ್ಧೆಯನ್ನು ಈಕ್ಸ್ ಗೆದ್ದರೂ ಅವರ ಮೊತ್ತ ೪೦ಕ್ಕೆ ನಿಂತಿತು. ರಿಂಟ್ ಅವರ ಪ್ರಶಸ್ತಿಯನ್ನು ಪತ್ನಿ ನೀನಾ ಅವರು ಪ್ಯಾರಿಸ್ ನಗರದಲ್ಲಿ ಜ್ಯಾಕಿ ಸ್ಟೀವರ್ಟ್ ಅವರ ಕೈಯಿಂದ ಸ್ವೀಕರಿಸಿದರು.

ಪ್ರಭಾವ

ರಿಂಟ್ ೬೦ ಗ್ರ್ಯಾನ್ ಪ್ರಿ ಸ್ಪರ್ಧೆಗಳಲ್ಲಿ ಓಡಿ ೬ನ್ನು ಗೆದ್ದರು. ೧೦ ಬಾರಿ ಮೊದಲ ಸ್ಥಾನದಿಂದ ಓಟ ಆರಂಭಿಸುವ ಅರ್ಹತೆ ಪಡೆದರು. ಆಸ್ಟ್ರಿಯಾದಲ್ಲಿ ಕಾರು ಓಟವನ್ನು ಜನಪ್ರಿಯಗೊಳಿಸಿದ ಕೀರ್ತಿ ಅವರದು. ೧೯೬೫ರಿಂದ ವಿಯೆನ್ನಾದಲ್ಲಿ ಅವರ ಹೆಸರಿನ ಕಾರು ಪ್ರದರ್ಶನ ನಡೆಯತೊಡಗಿತು. ಮುಂದೆ ಅದೇ ದೇಶದ ನಿಕಿ ಲಾಡಾ ಮೂರು ಬಾರಿ ವಿಶ್ವ ಚಾಂಪಿಯನ್ ಆದರು. ಆಸ್ಟ್ರಿಯಾದ ಗ್ರ್ಯಾನ್ ಪ್ರಿ ನಡೆಯುವ ಓಟದ ಅಂಗಳದ ತಿರುವೊಂದಕ್ಕೆ ರಿಂಟ್ ಅವರ ಹೆಸರನ್ನು ಇಡಲಾಗಿದೆ.