ಅಕ್ಕನ ಋಣ

ಜಪಾನಿನ ಚಲನಚಿತ್ರವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಅಕಿರ ಕುರೊಸಾವನ ಹೆಸರು. ಅವನಿಗಿಂತ ಹನ್ನೆರಡು ವರ್ಷ ಹಿರಿಯನಾದ ಕೆಂಜಿ ಮಿಜೊಗುಚಿಯ ಚಿತ್ರಗಳನ್ನು ನೋಡಿದವರು ವಿರಳ. ಆದರೆ ಬೆಳ್ಳಿತೆರೆಯ ಮೇಲೆ ಹೆಣ್ಣಿನ ಬಾಳನ್ನು ಚಿತ್ರಿಸಿದವರ ಪ್ರಸ್ತಾಪ ಬಂದಾಗ ಜಗತ್ತಿನ ವಿಮರ್ಶಕರು ಮೊದಲ ಪಂಕ್ತಿಯಲ್ಲಿಯೇ ಎಣಿಸುವ ಹೆಸರು ಇದು. ಹಳೆಯ ಕಾವ್ಯಗಳ ಪಾಠ ಹೇಳಿ ಬದುಕುವ ನನ್ನಂಥವನಿಗೆ ಇಂಥ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಿಯಾರು. ಸೀತೆ, ದ್ರೌಪದಿ, ಚಂದ್ರಮತಿಯರ ಗೋಳನ್ನು ವರ್ಷವರ್ಷವೂ ತರಗತಿಯಲ್ಲಿ ವಿವರಿಸುತ್ತ ಬಂದವನಿಗೆ, ಹೆಣ್ಣಿನ ಕಣ್ಣೀರಿನಿಂದ ಕಲೆಯನ್ನು ಕಟ್ಟಿದ ಗಂಡಸು ಆ ಕಣ್ಣೀರಿಗೆ ಎಷ್ಟು ಋಣಿ ಎಂಬ ಪ್ರಶ್ನೆ ಹೊಸದಲ್ಲ. ಮಿಜೊಗುಚಿಯ ಜೀವನದಲ್ಲಿ ಆ ಪ್ರಶ್ನೆ ಮುಚ್ಚಿಡಲಾಗದಂತೆ ಎದ್ದು ನಿಂತಿದೆ. ಅದಕ್ಕಾಗಿಯೇ ಈ ಬರಹ.

ಆತ ಹುಟ್ಟಿದ್ದು 1898ರ ಮೇ 16ರಂದು, ಟೋಕಿಯೊ ನಗರದ ಹೊಂಗೊ ಎಂಬ ಭಾಗದಲ್ಲಿ. ತಂದೆ ಕೈಕಸುಬಿನವನು, ದುಡಿಮೆಗಿಂತ ಹಂಚಿಕೆಯಲ್ಲಿ ಹೆಚ್ಚು ನಂಬಿಕೆಯುಳ್ಳವನು. 1904ರಲ್ಲಿ ರಷ್ಯದೊಡನೆ ಯುದ್ಧ ಮೊದಲಾದಾಗ ಸೈನಿಕರಿಗೆ ಮಳೆಯಂಗಿಗಳನ್ನು ಮಾರಿ ಸಿರಿವಂತನಾಗುವೆನೆಂದು ಇದ್ದುದನ್ನೆಲ್ಲ ಅದಕ್ಕೆ ಸುರಿದನು. ಯುದ್ಧ ಅವನ ಲೆಕ್ಕಾಚಾರಕ್ಕೆ ಕಾಯದೆ ಬೇಗನೆ ಮುಗಿದುಹೋಯಿತು. ಸಂಸಾರ ಅಸಕುಸದ ಬಡವರ ಕೇರಿಗೆ ಬಂದು ಬಿದ್ದಿತು. ಮನೆಯೊಳಗೆ ಹೆಂಡತಿಗೂ ಮಗಳಿಗೂ ಹೊಡೆತ ತಪ್ಪಲಿಲ್ಲ. ಕೊನೆಗೆ ಹದಿನಾಲ್ಕರ ಹರೆಯದ ಮಗಳು ಸುಜುವನ್ನು ಆತ ದತ್ತು ಕೊಟ್ಟುಬಿಟ್ಟನು. ಆ ದತ್ತಿನ ದಾರಿ ಗೀಷಾಗಳ ಮನೆಗೆ ಹೋಗಿ ಮುಟ್ಟಿತು. ಹುಡುಗ ಕೆಂಜಿ ಇದೆಲ್ಲವನ್ನೂ ಕಣ್ಣಾರೆ ಕಂಡನು. ತಂದೆಯ ಮೇಲಿನ ರೋಷ ಆತನಿಗೆ ಕಡೆಯವರೆಗೂ ಆರಲಿಲ್ಲ.

ವಿಚಿತ್ರವೆಂದರೆ, ಮನೆಯಿಂದ ಹೊರಗೆ ಹಾಕಿಸಿಕೊಂಡ ಆ ಹೆಣ್ಣೇ ಮುಂದೆ ಆ ಮನೆಯನ್ನು ಹೊತ್ತಳು. ಕುಲೀನನೊಬ್ಬನ ಆಶ್ರಯ ದೊರೆತ ಮೇಲೆ ಸುಜು ತಮ್ಮಂದಿರ ಯೋಗಕ್ಷೇಮವನ್ನು ತಾನೇ ವಹಿಸಿಕೊಂಡಳು. ಕೆಂಜಿಯ ಶಾಲೆ ಬೇಗನೆ ನಿಂತಿತ್ತು. ಕೀಲುಬೇನೆಯಿಂದ ನರಳಿ ಆತನ ನಡಿಗೆ ಒಂದು ಕಡೆಗೆ ವಾಲಿಕೊಂಡು ಉಳಿಯಿತು. ಕೆಲಕಾಲ ಉತ್ತರದ ಮೊರಿಯೊಕದಲ್ಲಿ ಬಂಧುಗಳ ಮನೆಯ ಅನ್ನ, ಬಳಿಕ ಬೇಸಗೆಯ ನಿಲುವಂಗಿಗಳ ಮೇಲೆ ಚಿತ್ತಾರ ಬಿಡಿಸುವವನ ಬಳಿ ಶಿಷ್ಯವೃತ್ತಿ. 1915ರಲ್ಲಿ ತಾಯಿ ತೀರಿಕೊಂಡಳು. ಮಾರನೆಯ ವರ್ಷ ಪಾಶ್ಚಾತ್ಯ ಚಿತ್ರಕಲೆ ಕಲಿಸುವ ಶಾಲೆಗೆ ಸೇರಿದನು. ಅನಂತರ ಕೋಬೆಯ ಪತ್ರಿಕೆಯೊಂದರಲ್ಲಿ ಜಾಹೀರಾತು ಬರೆಯುವ ಕೆಲಸ. ಕೆಲಸ ಬಿಟ್ಟು ಬರಿಗೈಯಲ್ಲಿ ಹಿಂದಿರುಗಿದಾಗಲೂ ಬಾಗಿಲು ತೆರೆದವಳು ಅಕ್ಕನೇ.

1920ರಲ್ಲಿ ಆತ ನಿಕ್ಕತ್ಸು ಚಿತ್ರಸಂಸ್ಥೆಯನ್ನು ಸೇರಿದನು. ನಟನಾಗಬೇಕೆಂದು ಹೋದವನು ನಿರ್ದೇಶಕರ ಸಹಾಯಕನಾದನು. ಆಗ ಅಲ್ಲಿಯ ಚಿತ್ರಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. ನಮ್ಮ ವೃತ್ತಿನಾಟಕ ಮಂಡಲಿಗಳ ಕಥೆಯನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಆದರೆ ರಂಗದ ದೂರದಲ್ಲಿ ಸಲ್ಲುವ ವೇಷ ಕ್ಯಾಮೆರದ ಎದುರು ಸಲ್ಲುವುದು ಕಷ್ಟ. ಆ ಪದ್ಧತಿ ಕುಸಿಯುತ್ತಿದ್ದ ಗಳಿಗೆಯಲ್ಲಿಯೇ, 1923ರಲ್ಲಿ, ಮಿಜೊಗುಚಿ ತನ್ನ ಮೊದಲ ಚಿತ್ರವನ್ನು ನಿರ್ದೇಶಿಸಿದನು. ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬಂದ ಕಾಲವೂ ಆತ ಕೆಲಸಕ್ಕಿಳಿದ ಕಾಲವೂ ಒಂದೇ ಆದುದು ಚರಿತ್ರೆಯ ಒಂದು ಕೃಪೆಯೆನ್ನಬೇಕು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಹಾಭೂಕಂಪ ಟೋಕಿಯೊವನ್ನು ನೆಲಸಮ ಮಾಡಿತು. ಸಂಸ್ಥೆಯೊಡನೆ ಆತನೂ ಕ್ಯೋಟೊಗೆ ಹೋದನು. ಬಾಳಿನ ಹೆಚ್ಚಿನ ಪಾಲು ಕಳೆದದ್ದು ಆ ಹಳೆಯ ರಾಜಧಾನಿಯಲ್ಲಿಯೇ.

ಅಕ್ಕನ ಗತಿಗೆ ಕೆರಳಿದ್ದ ಈ ತರುಣ ಸ್ವತಃ ಸಾಧುವಾಗಿದ್ದನೆಂದು ಯಾರೂ ತಿಳಿಯಬೇಕಾಗಿಲ್ಲ. ಕುಡಿತ, ವೇಶ್ಯಾಗೃಹಗಳ ಸಹವಾಸ ಎರಡೂ ಧಾರಾಳವಾಗಿದ್ದವು. 1925ರಲ್ಲಿ ಆತನೊಡನೆ ಬಾಳುತ್ತಿದ್ದ ಹೆಣ್ಣೊಬ್ಬಳು ಜಗಳದಲ್ಲಿ ಕ್ಷೌರದ ಕತ್ತಿಯಿಂದ ಆತನ ಬೆನ್ನನ್ನು ಸೀಳಿದಳು. ಸುದ್ದಿ ಪತ್ರಿಕೆಗಳಿಗೇರಿತು, ಕೈಯಲ್ಲಿದ್ದ ಚಿತ್ರ ತಪ್ಪಿತು. ಆತನ ಜೀವನವನ್ನು ಬರೆದವರು ಈ ಗಾಯದ ಕಲೆಗೆ ವಿಶೇಷ ಮಹತ್ತ್ವ ಕೊಡುತ್ತಾರೆ; ಹೆಣ್ಣಿನ ಅಂತರಂಗವನ್ನು ಆತ ಅರಿತದ್ದು ಆ ಕತ್ತಿಯ ಮೊನೆಯಿಂದಲೇ ಎಂಬಂತೆ ಮಾತಾಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಒಂದು ಕ್ಷಣದ ಕತ್ತಿಗಿಂತ ಹತ್ತು ವರ್ಷ ಉಂಡ ಅನ್ನದ ನೆನಪು ಆಳವಾದದ್ದು. ಆತನ ಶ್ರೇಷ್ಠ ಚಿತ್ರಗಳಲ್ಲಿ ಗಂಡಿಗೆ ಇರಿಯುವ ಹೆಣ್ಣಿಗಿಂತ ಗಂಡಿಗಾಗಿ ತನ್ನನ್ನು ಮಾರಿಕೊಳ್ಳುವ ಹೆಣ್ಣೇ ಮರಳಿ ಮರಳಿ ಬರುತ್ತಾಳೆ.

ಅದಕ್ಕೆ ಮೊದಲ ನಿಚ್ಚಳ ನಿದರ್ಶನ 1936ರ ‘ಒಸಾಕದ ಶೋಕಗೀತೆ’. ಯೊಶಿಕಾತ ಯೊದ ಎಂಬ ಲೇಖಕ ಆತನಿಗೆ ಜೊತೆಯಾದದ್ದು ಈ ಚಿತ್ರದಿಂದ. ಆ ಜೊತೆ ಇಪ್ಪತ್ತು ವರ್ಷ ನಡೆಯಿತು. ಅಯಾಕೊ ಎಂಬ ಹುಡುಗಿ ಔಷಧಿ ವ್ಯಾಪಾರದ ಕಚೇರಿಯಲ್ಲಿ ಟೆಲಿಫೋನು ನೋಡಿಕೊಳ್ಳುವವಳು. ತಂದೆ ಕಚೇರಿಯ ಹಣ ಮುರಿದುಕೊಂಡಿದ್ದಾನೆ. ಅದನ್ನು ತೀರಿಸಲು ಅವಳು ಯಜಮಾನನ ಉಪಪತ್ನಿಯಾಗುತ್ತಾಳೆ. ಮುಂದೆ ಅಣ್ಣನ ವಿದ್ಯಾಭ್ಯಾಸದ ಹಣಕ್ಕಾಗಿ ಇನ್ನೊಬ್ಬನನ್ನು ವಂಚಿಸಿ ಪೊಲೀಸರ ಕೈಗೆ ಸಿಕ್ಕುತ್ತಾಳೆ. ಬಿಡುಗಡೆಯಾಗಿ ಮನೆಗೆ ಬಂದರೆ ಅವಳ ಹಣದಿಂದ ಉಳಿದವರೇ ಅವಳೊಡನೆ ಕುಳಿತು ಉಣ್ಣಲು ನಾಚುತ್ತಾರೆ. ಹುಡುಗಿ ಎದ್ದು ಹೋಗುತ್ತಾಳೆ. ಸೇತುವೆಯ ಮೇಲೆ ಒಂದಿಷ್ಟು ಹೊತ್ತು ನಿಂತು, ಆಮೇಲೆ ನೇರವಾಗಿ ನಮ್ಮ ಕಡೆಗೇ ನಡೆದುಬರುತ್ತಾಳೆ. ಆ ಊಟದ ದೃಶ್ಯವನ್ನು ತೆಗೆಯುವಾಗ ಮಿಜೊಗುಚಿಯ ಮನಸ್ಸಿನಲ್ಲಿ ಯಾರಿದ್ದರೆಂದು ಊಹಿಸಲು ಹೆಚ್ಚಿನ ವಿದ್ವತ್ತು ಬೇಡ. ಅಣ್ಣತಮ್ಮಂದಿರ ಕೃತಘ್ನತೆಯನ್ನು ಅಷ್ಟು ನಿಷ್ಠುರವಾಗಿ ತೋರಿಸಿದವನು ಸ್ವತಃ ಅಂಥ ತಮ್ಮನೇ ಆಗಿದ್ದನು.

ಅದೇ ವರ್ಷ ಬಂದ ‘ಗಿಯೊನ್‌ನ ಸೋದರಿಯರು’ ಇದಕ್ಕಿಂತಲೂ ಕಠೋರವಾದ ಕೃತಿ. ಅಕ್ಕತಂಗಿಯರಿಬ್ಬರೂ ಗೀಷಾಗಳು. ಅಕ್ಕ ದಿವಾಳಿಯೆದ್ದ ಹಳೆಯ ಆಶ್ರಯದಾತನನ್ನು ಮನೆಯಲ್ಲಿಟ್ಟುಕೊಂಡು ಸಲಹುವವಳು. ತಂಗಿ ಗಂಡಸರನ್ನು ಗಂಡಸರ ಲೆಕ್ಕದಲ್ಲಿಯೇ ಆಡಿಸಹೊರಟವಳು. ಒಳ್ಳೆಯವಳೂ ಕೈಬಿಡಲ್ಪಡುತ್ತಾಳೆ, ಜಾಣೆಯೂ ಮುರಿದು ಬೀಳುತ್ತಾಳೆ. ಶೀಲವನ್ನಾಗಲಿ ಜಾಣತನವನ್ನಾಗಲಿ ಬೆಲೆಯಾಗಿ ಕೊಟ್ಟು ಹೆಣ್ಣು ಪಾರಾಗಲಾರದ ಲೋಕವೊಂದನ್ನು ಒಂದೂ ಕಾಲು ಗಂಟೆಯೊಳಗೆ ಹೀಗೆ ಕಟ್ಟಿ ತೋರಿಸಿದ ಚಿತ್ರ ನಾನು ಬೇರೊಂದನ್ನು ನೋಡಿಲ್ಲ. ಎರಡರಲ್ಲಿಯೂ ನಟಿಸಿದವಳು ಇಸುಜು ಯಮದ. ಆಗ ಆಕೆಗೆ ಇಪ್ಪತ್ತು ವರ್ಷ ಸಹ ತುಂಬಿರಲಿಲ್ಲ, ಅಥವಾ ಆಗ ತಾನೇ ತುಂಬುತ್ತಿತ್ತು.

ಮೂರು ವರ್ಷಗಳ ಮೇಲೆ ಬಂದ ‘ಕೊನೆಯ ಸೇವಂತಿಗೆಯ ಕಥೆ’ಯನ್ನು ರಸಿಕರು ಬಹಳ ಮೆಚ್ಚುತ್ತಾರೆ. ನಟನ ಮನೆತನದ ಮಗನನ್ನು ಮಹಾನಟನನ್ನಾಗಿ ಮಾಡಲು ದಾದಿಯೊಬ್ಬಳು ತನ್ನ ಪ್ರಾಣವನ್ನೇ ತೇಯುತ್ತಾಳೆ. ಆತ ನದಿಯ ಮೇಲೆ ಜನರ ಜಯಘೋಷ ಸ್ವೀಕರಿಸುತ್ತಿರುವಾಗ ಅವಳು ಸಾಯುತ್ತಿರುತ್ತಾಳೆ. ಅಪೂರ್ವ ಸೌಂದರ್ಯದ ಚಿತ್ರ. ಆದರೂ ಹೆಣ್ಣಿನ ತ್ಯಾಗವನ್ನು ಇಷ್ಟು ಸುಂದರವಾಗಿ ತೋರಿಸಿದಾಗ, ಆ ತ್ಯಾಗ ಬೇಕಿತ್ತೇ ಎಂದು ಕೇಳುವ ಮನಸ್ಸೇ ಮಂಕಾಗಿಬಿಡುವ ಅಪಾಯವಿದೆ. 1936ರ ಮಿಜೊಗುಚಿ ಕೇಳುತ್ತಿದ್ದ ಪ್ರಶ್ನೆಯನ್ನು 1939ರ ಮಿಜೊಗುಚಿ ಪೂಜೆಗಿಟ್ಟನೆಂದು ನನಗೆ ತೋರುತ್ತದೆ.

ಯುದ್ಧದ ವರ್ಷಗಳನ್ನು ಇಲ್ಲಿ ಬೆಳೆಸುವುದು ಬೇಡ. ಸರಕಾರಕ್ಕೆ ಬೇಕಾದ ಚಿತ್ರಗಳನ್ನು ಮಾಡಿದನು. ಅವುಗಳ ನಡುವೆ, 1941ರಲ್ಲಿ, ಹೆಂಡತಿ ಚಿಯೆಕೊಗೆ ಬುದ್ಧಿಭ್ರಮಣೆಯಾಗಿ ಆಸ್ಪತ್ರೆ ಸೇರಿದಳು. ಸೋಲಿನ ಅನಂತರ ಅಮೆರಿಕನ್ನರ ಆಡಳಿತದಲ್ಲಿ ಸ್ತ್ರೀವಿಮೋಚನೆಯ ವಸ್ತುಗಳಿಗೆ ಪ್ರೋತ್ಸಾಹ ದೊರೆಯಿತು. ಮಿಜೊಗುಚಿ ಹೆಣ್ಣು ವಕೀಲೆಯ ಕಥೆಯನ್ನೂ ಹೋರಾಟಗಾರ್ತಿಯ ಕಥೆಯನ್ನೂ ತೆಗೆದನು. ಅಪ್ಪಣೆಗೆ ಬರೆದ ಕಾವ್ಯದಂತೆ ಅವು ಕೊಂಚ ಬಿಗಿ.

ಆತನ ಪ್ರತಿಭೆ ಪೂರ್ಣವಾಗಿ ಹೊರಬಿದ್ದದ್ದು 1952ರಲ್ಲಿ, ‘ಓಹರುವಿನ ಜೀವನ’ದಲ್ಲಿ. ಹಿಂದಿನ ವರ್ಷ ಕುರೊಸಾವನ ‘ರಾಶೊಮೊನ್’ ವೆನಿಸ್ ಉತ್ಸವದಲ್ಲಿ ಅಗ್ರಪ್ರಶಸ್ತಿ ಗಳಿಸಿದ್ದು ಹಿರಿಯನಾದ ಈತನ ಅಭಿಮಾನವನ್ನು ಕೆಣಕಿತ್ತು. ಸೈಕಾಕು 1686ರಲ್ಲಿ ಬರೆದ ಕಥೆಯಲ್ಲಿ ಹೆಣ್ಣಿನ ಪತನ ಒಂದು ವಿನೋದ. ಮಿಜೊಗುಚಿಯ ಕೈಯಲ್ಲಿ ಅದು ಸಮಾಜದ ಮೇಲಿನ ದೋಷಾರೋಪಣೆಯಾಯಿತು. ಅರಮನೆಯ ಪರಿಚಾರಿಕೆ ಓಹರು ತನಗಿಂತ ಕೆಳಗಿನವನನ್ನು ಪ್ರೀತಿಸಿದ ಅಪರಾಧಕ್ಕೆ ಗಡೀಪಾರಾಗುತ್ತಾಳೆ. ಪ್ರಭುವಿಗೆ ಮಗನನ್ನು ಹೆತ್ತುಕೊಟ್ಟು ಹೊರದೂಡಲ್ಪಡುತ್ತಾಳೆ, ತಂದೆಯಿಂದಲೇ ವೇಶ್ಯಾವಾಟಿಕೆಗೆ ಮಾರಲ್ಪಡುತ್ತಾಳೆ. ಬೀಸಣಿಗೆ ಮಾರುವವನೊಡನೆ ಕಂಡ ಕಿಂಚಿತ್ ಸುಖವನ್ನೂ ಕಳ್ಳರು ಕಸಿಯುತ್ತಾರೆ. ಕೊನೆಗೆ ಬೀದಿಯಲ್ಲಿ ನಿಲ್ಲುತ್ತಾಳೆ. ಹೆತ್ತ ಮಗ ಪ್ರಭುವಾಗಿ ಮೆರೆಯುವುದನ್ನು ದೂರದಿಂದ ನೋಡಲಷ್ಟೇ ಅವಳಿಗೆ ಅನುಮತಿ.

ಈ ಚಿತ್ರವನ್ನು ಒಮ್ಮೆ ವಿದ್ಯಾರ್ಥಿಗಳೊಡನೆ ನೋಡಿದೆ. ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ, ಓಹರು ಅಳುವಾಗಲೆಲ್ಲ ಕ್ಯಾಮೆರ ಏಕೆ ಹತ್ತಿರ ಹೋಗುವುದಿಲ್ಲವೆಂದು ಕೇಳಿದಳು. ಪ್ರೌಢವಾದ ಪ್ರಶ್ನೆ. ಸತ್ತ ಪ್ರಿಯನ ಪತ್ರ ಓದಿ ಓಹರು ಕತ್ತಿ ಹಿಡಿದು ಬಿದಿರ ಮೆಳೆಗೆ ಓಡುವಾಗ ನಾವು ಅವಳ ಮುಖವನ್ನು ಕಾಣುವುದಿಲ್ಲ. ಬಿದಿರುಗಳ ನಡುವೆ ತಾಯಿಯೊಡನೆ ಸೆಣಸುವ ಪುಟ್ಟ ದೇಹವನ್ನು ಕಾಣುತ್ತೇವೆ. ದೃಶ್ಯವನ್ನು ತುಂಡರಿಸದೆ ಒಂದೇ ಉಸಿರಿನಲ್ಲಿ ದೂರದಿಂದ ತೆಗೆಯುವುದು ಆತನ ಪದ್ಧತಿ. ಕಣ್ಣೀರು ತುಂಬಿದ ಮುಖವನ್ನು ತೆರೆಯ ತುಂಬ ಹಿಗ್ಗಿಸಿ ತೋರಿಸುವ ಚಿತ್ರ ಆ ದುಃಖವನ್ನು ನಮಗೆ ಭೋಗ್ಯವಸ್ತುವಾಗಿ ಒಪ್ಪಿಸುತ್ತದೆ. ಇವನು ದೂರ ನಿಲ್ಲುವುದರಿಂದ ಅವಳ ಸುತ್ತಲಿನ ಗೋಡೆ, ಬಾಗಿಲು, ಕುಳಿತ ಗಂಡಸರು ಎಲ್ಲವೂ ನಮ್ಮ ಕಣ್ಣಿಗೆ ಬೀಳುತ್ತವೆ. ದುಃಖಕ್ಕೆ ಕಾರಣರಾದವರು ಚೌಕಟ್ಟಿನ ಹೊರಗೆ ಜಾರಿಕೊಳ್ಳುವುದಿಲ್ಲ. 1954ರ ‘ಸಾನ್ಶೊ’ ಚಿತ್ರದಲ್ಲಿ ದಾಸ್ಯಕ್ಕೆ ಮಾರಲ್ಪಟ್ಟ ಆಂಜು ಅಣ್ಣನನ್ನು ಪಾರುಮಾಡಿ ತಾನು ಕೊಳಕ್ಕೆ ಇಳಿಯುವಾಗಲೂ ಹಾಗೆಯೇ. ಒಂದೆರಡು ಹೆಜ್ಜೆ, ಮತ್ತೆ ನೋಡುವಷ್ಟರಲ್ಲಿ ನೀರಿನ ಮೇಲೆ ಬಳೆಬಳೆಯಾಗಿ ಹರಡುವ ಅಲೆ ಮಾತ್ರ. ರಾಘವಾಂಕನ ಚಂದ್ರಮತಿ ಸಂತೆಯಲ್ಲಿ ಮಾರಾಟಕ್ಕೆ ನಿಂತ ಪ್ರಸಂಗದ ಪಾಠ ಬಂದಾಗ ನನಗೆ ಈಗೀಗ ಆ ಅಲೆಗಳು ನೆನಪಾಗುತ್ತವೆ.

‘ಓಹರು’ವಿಗೆ ವೆನಿಸ್‌ನಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತು. 1953ರಲ್ಲಿ ‘ಉಗೆತ್ಸು’, 1954ರಲ್ಲಿ ‘ಸಾನ್ಶೊ’ ಬೆಳ್ಳಿಯ ಸಿಂಹವನ್ನು ಪಡೆದವು. ಮೂರರಲ್ಲಿಯೂ ಮುಖ್ಯ ಸ್ತ್ರೀಪಾತ್ರ ಕಿನುಯೊ ತನಕ ಎಂಬ ಮಹಾನಟಿಯದು. ಪರದೇಶದಲ್ಲಿ ಆತನ ಕೀರ್ತಿಯನ್ನು ಹೊತ್ತು ನಿಂತ ಮುಖ ಆಕೆಯದೆಂದರೆ ಉತ್ಪ್ರೇಕ್ಷೆಯಲ್ಲ. ಆಕೆಯನ್ನು ಆತ ಪ್ರೀತಿಸುತ್ತಿದ್ದನೆಂದೂ ಲೋಕದ ಮಾತು. ಈ ತನಕಳಿಗೆ ನಿರ್ದೇಶಕಿಯಾಗುವ ಹಂಬಲ ಹುಟ್ಟಿತು. ನರುಸೆ ಎಂಬ ನಿರ್ದೇಶಕ ಆಕೆಯನ್ನು ಸಹಾಯಕಿಯಾಗಿ ಇಟ್ಟುಕೊಂಡು ಕೆಲಸ ಕಲಿಸಿದನು. 1953ರಲ್ಲಿ ಆಕೆಯ ಮೊದಲ ಚಿತ್ರ ‘ಪ್ರೇಮಪತ್ರ’ ಬಂದಿತು. ಎರಡನೆಯದಕ್ಕೆ ಓಜು ತಾನು ಬರೆದಿದ್ದ ಚಿತ್ರಕಥೆಯನ್ನೇ ಕೊಟ್ಟು ಬೆನ್ನಿಗೆ ನಿಂತನು. ಅಡ್ಡ ನಿಂತವನು ನಿರ್ದೇಶಕರ ಸಂಘದ ಅಧ್ಯಕ್ಷನಾಗಿದ್ದ ಮಿಜೊಗುಚಿ. ನಿರ್ದೇಶಿಸುವ ಬುದ್ಧಿ ಆಕೆಗಿಲ್ಲವೆಂಬುದು ಆತನ ಅಭಿಪ್ರಾಯವಾಗಿತ್ತು. ಆಕೆ ಆ ಚಿತ್ರವನ್ನು ಮಾಡಿಯೇ ತೀರಿದಳು. 1955ರಲ್ಲಿ ಅದು ತೆರೆಕಂಡಿತು. ಆದರೆ 1954ರ ಬಳಿಕ ಇವರಿಬ್ಬರೂ ಮತ್ತೆ ಕೂಡಿ ಕೆಲಸ ಮಾಡಲಿಲ್ಲ.

ಇದನ್ನು ಮುಪ್ಪಿನ ಮತ್ಸರವೆಂದು ತೇಲಿಸಿಬಿಡುವವರುಂಟು. ಅಷ್ಟು ಸುಲಭವಾಗಿ ಬಿಡುವ ಮನಸ್ಸು ನನಗಿಲ್ಲ. ಹೆಣ್ಣು ನೋಯುವುದನ್ನು ಆತನಂತೆ ಕಂಡವರು ಕಡಮೆ. ಹೆಣ್ಣು ಕಾಣುವವಳೂ ಆಗಬಲ್ಲಳೆಂಬುದು ಮಾತ್ರ ಆತನಿಗೆ ಒಗ್ಗಲಿಲ್ಲ. ನಿದರ್ಶನ ಆತನ ಮಗ್ಗುಲಲ್ಲಿಯೇ ಇತ್ತು. ಆತನ ಬಳಿ ಸಹಾಯಕಿಯಾಗಿ ದುಡಿದ ತಾಜುಕೊ ಸಕಾನೆ 1936ರಲ್ಲಿಯೇ ಜಪಾನಿನ ಮೊದಲ ಚಿತ್ರನಿರ್ದೇಶಕಿಯಾಗಿದ್ದಳು. ಯುದ್ಧಕಾಲದಲ್ಲಿ ಮಂಚೂರಿಯದಲ್ಲಿ ಚಿತ್ರಗಳನ್ನು ಮಾಡಿ ಹಿಂದಿರುಗಿದವಳಿಗೆ ತಾಯ್ನಾಡಿನ ಚಿತ್ರಾಲಯದಲ್ಲಿ ದೊರೆತದ್ದು ಮತ್ತೆ ದೃಶ್ಯಗಳ ಲೆಕ್ಕ ಬರೆದಿಡುವ ಕೆಲಸ.

1956ರ ಮಾರ್ಚಿಯಲ್ಲಿ ಬಂದ ‘ಲಜ್ಜೆಯ ಬೀದಿ’ ಆತನ ಕೊನೆಯ ಚಿತ್ರ. ವೇಶ್ಯಾವೃತ್ತಿಯನ್ನು ನಿಷೇಧಿಸುವ ಮಸೂದೆ ಜಪಾನಿನ ಸಂಸತ್ತಿನ ಮುಂದಿದ್ದ ದಿನಗಳವು. ಚಿತ್ರದ ಕಥೆಯೂ ಅದೇ ದಿನಗಳದ್ದು, ಯೊಶಿವಾರದ ಒಂದು ಮನೆಯದು. ಕಾಯಿಲೆಯ ಗಂಡನನ್ನೂ ಹಸುಗೂಸನ್ನೂ ಸಾಕುವವಳೊಬ್ಬಳು, ಮಗನಿಂದ ತಿರಸ್ಕೃತಳಾಗಿ ಹುಚ್ಚಿಯಾಗುವವಳೊಬ್ಬಳು, ಸಂಗಾತಿಗಳಿಗೇ ಬಡ್ಡಿಗೆ ಹಣ ಕೊಟ್ಟು ಕೊನೆಗೆ ಅಂಗಡಿಯ ಒಡತಿಯಾಗುವವಳೊಬ್ಬಳು. ಇಲ್ಲಿ ಪೂಜೆಯಿಲ್ಲ, ಸೌಂದರ್ಯದ ಮುಸುಕಿಲ್ಲ; 1936ರ ಕಣ್ಣು ಮರಳಿ ತೆರೆದಂತಿದೆ. ಕಟ್ಟಕಡೆಯಲ್ಲಿ, ಆವರೆಗೆ ಅಡಿಗೆಮನೆಯ ಕೆಲಸಕ್ಕಿದ್ದ ಎಳೆಯ ಹುಡುಗಿಯ ಮುಖಕ್ಕೆ ಬಿಳಿಯ ಬಣ್ಣ ಬಳಿದು ಬಾಗಿಲಿಗೆ ಕಳಿಸುತ್ತಾರೆ. ಅವಳು ಕಂಬದ ಮರೆಯಿಂದ ಅರ್ಧಮುಖ ತೋರಿಸಿ ಬೀದಿಯಲ್ಲಿ ಹೋಗುವವನನ್ನು ಕೇಳಿಯೂ ಕೇಳದ ದನಿಯಲ್ಲಿ ಕರೆಯುತ್ತಾಳೆ. ಜೀವಮಾನವೆಲ್ಲ ದೂರ ನಿಂತ ಕ್ಯಾಮೆರ ಅಲ್ಲಿ ಅವಳ ಹತ್ತಿರ ಹೋಗುತ್ತದೆ.

ಮೇ ತಿಂಗಳಲ್ಲಿ ಮಸೂದೆ ಅಂಗೀಕೃತವಾಯಿತು. ಆಗಸ್ಟ್ 24ರಂದು ರಕ್ತದ ಕ್ಯಾನ್ಸರಿನಿಂದ ಮಿಜೊಗುಚಿ ಕ್ಯೋಟೊದಲ್ಲಿ ತೀರಿಕೊಂಡನು, ಐವತ್ತೆಂಟು ವರ್ಷ. ಸಿದ್ಧತೆಯಲ್ಲಿದ್ದ ‘ಒಸಾಕದ ಕಥೆ’ಯನ್ನು ಯೊಶಿಮುರ ಎಂಬ ಮತ್ತೊಬ್ಬ ನಿರ್ದೇಶಕ ಮುಗಿಸಿದನು. ಆತ ಮಾಡಿದ ಎಂಬತ್ತಕ್ಕೂ ಮಿಕ್ಕ ಚಿತ್ರಗಳಲ್ಲಿ ಇಂದು ಉಳಿದಿರುವುವು ಸುಮಾರು ಮೂವತ್ತು. ಸಕಾನೆಯ 1936ರ ಚಿತ್ರವೂ ಕಳೆದುಹೋದವುಗಳಲ್ಲಿ ಒಂದು. ಕಿನುಯೊ ತನಕ 1962ರವರೆಗೆ ಒಟ್ಟು ಆರು ಚಿತ್ರಗಳನ್ನು ನಿರ್ದೇಶಿಸಿದಳು.